ಮಟ್ಟೆಯ ಬೆನ್ನು ಹತ್ತಿ

ಕೋಲಾರದಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಎರಡೂ ಬದಿಗೆ ಅಲ್ಲಲ್ಲಿ ಹಸಿರು ಬಲೆಯ ಚಪ್ಪರಗಳು ಸಿಗುತ್ತವೆ. ಒಳಗೆ ಸಾಲುಸಾಲು ಕರಿ ಪ್ಲಾಸ್ಟಿಕ್ ಟ್ರೇಗಳು. ಟ್ರೇಗೆ 98 ಗುಳಿ, ಗುಳಿಗೊಂದು ಸಸಿ. ಟೊಮೆಟೊ, ಎಲೆಕೋಸು, ಹೂಕೋಸು, ದಪ್ಪ ಮೆಣಸಿನಕಾಯಿ. ಈ ಸೀಮೆಯ ತರಕಾರಿ ಬಹುಪಾಲು ಹುಟ್ಟುವುದು ಈಗ ಇಂಥ ಚಪ್ಪರಗಳಲ್ಲೇ. ಹುಟ್ಟಿದ ಮೊದಲ ಮೂರು ನಾಲ್ಕು ವಾರ ಅದಕ್ಕೆ ಮಣ್ಣಿನ ಪರಿಚಯವೇ ಇರುವುದಿಲ್ಲ. ಬೇರು ಬಿಡುವುದೆಲ್ಲ ತೆಂಗಿನ ಮಟ್ಟೆಯ ಪುಡಿಯಲ್ಲಿ.

ನಾನು ಹೋದ ನರ್ಸರಿಯಲ್ಲಿ ಒಂದಷ್ಟು ಹೆಂಗಸರು ಟಾರ್ಪಾಲಿನ ಸುತ್ತ ಕೂತು ಟ್ರೇ ತುಂಬುತ್ತಿದ್ದರು. ತಮ್ಮತಮ್ಮಲ್ಲಿ ತೆಲುಗು, ನನ್ನ ಜೊತೆ ಕನ್ನಡ. ನಡುವೆ ಕಂದು ಬಣ್ಣದ ಪುಡಿಯ ರಾಶಿ. ಅದಕ್ಕೆ ನೀರು ಹಾಕಿ ಕಲಸುವ ಹದವನ್ನು ಕೈಯೇ ಹೇಳಬೇಕು. ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಬೆರಳ ಸಂದಿನಿಂದ ಒಂದೆರಡು ಹನಿ ಬರಬೇಕು, ಧಾರೆ ಸುರಿಯಬಾರದು. ಹನಿಯೂ ಬಾರದಿದ್ದರೆ ಬೀಜ ಮೊಳೆಯುವುದಿಲ್ಲ, ಧಾರೆ ಬಂದರೆ ಮೊಳೆತದ್ದು ಕೊಳೆಯುತ್ತದೆ. ಒಂದು ಟ್ರೇ ತುಂಬಲು ಹತ್ತಿರ ಹತ್ತಿರ 1.2 ಕೆ.ಜಿ. ಪುಡಿ ಬೇಕು. ರಾಶಿಯಿಂದ ಬೊಗಸೆಯಲ್ಲಿ ಎತ್ತಿ ಸುರಿದು, ಅಂಗೈಯಲ್ಲಿ ಹಗುರಾಗಿ ಸವರಿ, ಮಿಕ್ಕಿದ್ದನ್ನು ಹಿಂದಕ್ಕೆ ತಳ್ಳುತ್ತಾರೆ. ನಾನೂ ಒಂದು ಟ್ರೇ ತುಂಬಲು ಕೂತಾಗ ಪಕ್ಕದ ಅಕ್ಕ ನನ್ನ ಕೈ ಹಿಡಿದು ತಡೆದರು. “ಒತ್ತಬೇಡಿ ಸಾರ್. ಬೇರಿಗೂ ಉಸಿರು ಬೇಕಲ್ಲ?”

ಪುಡಿಯ ಗುಣವೆಲ್ಲ ಆ ಮಾತಿನಲ್ಲಿದೆ. ಮಟ್ಟೆಯಲ್ಲಿ ನಾರು ನಾರಿನ ನಡುವೆ ತುಂಬಿಕೊಂಡಿರುವ ಮೆತ್ತನೆಯ ಭಾಗವೇ ಒಣಗಿ ಉದುರಿ ಪುಡಿಯಾಗುವುದು. ಒಂದು ಚಿಟಿಕೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಜೇನುಹಲ್ಲೆಯ ಹಾಗೆ ಗೂಡುಗೂಡಾಗಿ ಕಾಣುತ್ತದೆ. ಗೂಡಿನ ಒಳಗೆ ನೀರು ನಿಲ್ಲುತ್ತದೆ, ಕಣ ಕಣಗಳ ನಡುವೆ ಗಾಳಿ ಆಡುತ್ತದೆ. ತನ್ನ ತೂಕದ ಐದಾರು ಪಟ್ಟು ನೀರನ್ನು, ಒಳ್ಳೆಯ ಮಾಲಾದರೆ ಅದಕ್ಕೂ ಹೆಚ್ಚನ್ನು ಹಿಡಿದಿಟ್ಟುಕೊಂಡೂ ಕೆಸರಾಗದ ವಸ್ತು ಸಿಗುವುದು ಅಪರೂಪ. ಮಣ್ಣನ್ನು ಆ ಪುಟ್ಟ ಗುಳಿಗೆ ತುಂಬಿ ನೋಡಿ: ನಾಲ್ಕು ಸಲ ನೀರು ಕಂಡರೆ ಗಟ್ಟಿಯಾಗಿ ಕೂರುತ್ತದೆ, ಟ್ರೇ ಎತ್ತಲು ಭಾರ, ಸಾಲದ್ದಕ್ಕೆ ಸೊರಗು ರೋಗವನ್ನೂ ಕತ್ತು ಕೊಳೆಯನ್ನೂ ಹೊತ್ತು ತರುತ್ತದೆ.

ಬೀಜ ಹಾಕಿ, ಮೇಲೆ ತೆಳ್ಳಗೆ ಪುಡಿ ಮುಚ್ಚಿ, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಇಡುತ್ತಾರೆ. ಮೂರರಿಂದ ಆರು ದಿನ ಕತ್ತಲೆ ಮತ್ತು ಬೆಚ್ಚಗೆ. ಮೊಳಕೆ ತಲೆಯೆತ್ತಿದ ಕೂಡಲೇ ಬಿಡಿಸಿ ಬೆಳಕಿಗೆ ಹರಡಬೇಕು. ಒಂದು ದಿನ ತಡವಾದರೂ ಸಸಿ ಉದ್ದುದ್ದ ಬೆಳೆದು ಸೊಂಟ ಬಗ್ಗಿಸುತ್ತದೆ. ಸಸಿ ಕೊಳ್ಳಲು ಬಂದಿದ್ದ ರೈತರೊಬ್ಬರು ಹಳೆಯ ಕಾಲದ ಒಟ್ಲಿನ ಕಥೆ ಹೇಳಿದರು. ಹೊಲದ ಮೂಲೆಯಲ್ಲಿ ಮಡಿ ಮಾಡಿ ಹಿಡಿ ಬೀಜ ಚೆಲ್ಲುವುದು, ಅರ್ಧ ಹುಟ್ಟುವುದು, ಹುಟ್ಟಿದ್ದರಲ್ಲಿ ಅರ್ಧ ಕೊಳೆಯುವುದು, ಉಳಿದದ್ದನ್ನು ಕೀಳುವಾಗ ಬೇರು ಹರಿಯುವುದು. “ಆಗ ಮನೆ ಬೀಜ. ಹೋದ್ರೆ ಹೋಯ್ತು ಅಂತಿದ್ವಿ. ಈಗ ಒಂದೊಂದು ಬೀಜಕ್ಕೂ ಲೆಕ್ಕ” ಎಂದರು. ಹೈಬ್ರಿಡ್ ಬೀಜ ದುಬಾರಿಯಾದ ಮೇಲೆಯೇ ತೆಂಗಿನ ಪುಡಿ ಈ ಬಯಲಿಗೆ ಬಂದದ್ದು. ಗುಳಿಯಿಂದ ಸಸಿಯನ್ನು ಮೇಲಕ್ಕೆಳೆದರೆ ಬೇರಿನ ಉಂಡೆಯೇ ಇಡಿಯಾಗಿ ಬರುತ್ತದೆ, ಒಂದು ಎಳೆಯೂ ಹರಿಯುವುದಿಲ್ಲ. ನೆಟ್ಟ ಮರುದಿನವೇ ನೆಟ್ಟಗೆ ನಿಲ್ಲುತ್ತದೆ.

ಆದರೆ ಪುಡಿಯಲ್ಲಿ ಊಟವಿಲ್ಲ. ಬೆಂಗಳೂರಿನ ತಾರಸಿ ತೋಟದವರಲ್ಲಿ ಅನೇಕರು ಇದನ್ನು ಗೊಬ್ಬರವೆಂದೇ ನಂಬಿದ್ದಾರೆ. ಇಟ್ಟಿಗೆಯ ಆಕಾರದ ಗಡ್ಡೆಯನ್ನು ತಂದು ಬಕೆಟ್ಟಿನಲ್ಲಿ ನೆನೆಸಿ, ಉಬ್ಬಿದ್ದನ್ನು ಕುಂಡಕ್ಕೆ ತುಂಬಿ, ಟೊಮೆಟೊ ನೆಟ್ಟು, ತಿಂಗಳೊಳಗೆ ಎಲೆ ಹಳದಿಯಾಯಿತೆಂದು ಬೀಜದ ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಮಟ್ಟೆಯ ಪುಡಿಯಲ್ಲಿ ಇಂಗಾಲ ಹೆಚ್ಚು, ಸಾರಜನಕ ತೀರಾ ಕಡಿಮೆ. ಹಸಿ ಪುಡಿಯಲ್ಲಿ ಇವೆರಡರ ಪ್ರಮಾಣ ಸುಮಾರು 112ಕ್ಕೆ 1. ಅದನ್ನು ಕೊಳೆಸಲು ಹೊರಡುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಗಿಡದ ಪಾಲಿನಿಂದಲೇ ಕಸಿಯುತ್ತವೆ. ಆಲಪ್ಪುಳದ ಹತ್ತಿರ ಕಲವೂರಿನಲ್ಲಿ ತೆಂಗಿನ ನಾರು ಮಂಡಳಿಯ ಸಂಶೋಧನಾ ಸಂಸ್ಥೆ ಇದೆ. ಅವರು ಕಂಡುಕೊಂಡ ದಾರಿ ಚಿಪ್ಪಣಬೆಯದು. ಟನ್ ಪುಡಿಗೆ 5 ಕೆ.ಜಿ. ಯೂರಿಯಾ ಮತ್ತು ಅಣಬೆಯ ಬೀಜವನ್ನು ಪದರ ಪದರವಾಗಿ ಹರಡಿ, ತೇವ ಆರದಂತೆ ನೋಡಿಕೊಂಡರೆ ಒಂದು ತಿಂಗಳಿಗೆ ರಾಶಿ ಕಪ್ಪಾಗುತ್ತದೆ, 112 ಇದ್ದದ್ದು 24ಕ್ಕೆ ಇಳಿಯುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಸೂಕ್ಷ್ಮಜೀವಿಗಳಿಂದ ಹುದುಗು ಬರಿಸಿದ ಪುಡಿಯನ್ನು ‘ಅರ್ಕಾ’ ಹೆಸರಿನಲ್ಲೇ ಹೊರತಂದಿದ್ದಾರೆ. ತಾರಸಿಯವರಿಗೆ ಇಷ್ಟೆಲ್ಲ ಬೇಡ. ಪುಡಿಯ ಜೊತೆ ಅಷ್ಟೇ ಕೆಂಪು ಮಣ್ಣು, ಅಷ್ಟೇ ಎರೆಗೊಬ್ಬರ ಬೆರೆಸಿದರೆ ಸಾಕು. ಮತ್ತೆ, ಮೇಲೆ ಒಣಗಿದಂತೆ ಕಂಡ ತಕ್ಷಣ ನೀರು ಹೊಯ್ಯುವ ಚಪಲ ಬಿಡಬೇಕು. ಬೆರಳು ಇಳಿಸಿ ನೋಡಿದರೆ ಒಳಗೆ ತಣ್ಣಗಿರುತ್ತದೆ.

ನರ್ಸರಿಯ ಮಾಲೀಕರು ಷರಟಿನ ಜೇಬಿನಿಂದ ಪೆನ್ನಿನಂಥ ಒಂದು ಉಪಕರಣ ತೆಗೆದರು. ಲೋಟದಲ್ಲಿ ಪುಡಿ ಕಲಸಿದ ನೀರಿಗೆ ಅದ್ದಿದರು. ಪರದೆಯ ಮೇಲೆ ಅಂಕಿ ಓಡಿ 0.4ರಲ್ಲಿ ನಿಂತಿತು. ಇದು ಇಸಿ ಮೀಟರು. ನೀರಿನಲ್ಲಿ ಉಪ್ಪಿನಂಶ ಹೆಚ್ಚಿದಷ್ಟೂ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ಅಂಕಿ ಏರುತ್ತದೆ. “ಅರ್ಧದ ಒಳಗಿದ್ರೆ ಕಣ್ಣು ಮುಚ್ಚಿ ಬಿತ್ತಬೋದು. ಒಂದು ದಾಟಿದ್ರೆ ವಾಪಸ್ ಕಳಿಸ್ತೀನಿ. ಇದು ತಿಪಟೂರು ಮಾಲು. ಪೊಳ್ಳಾಚಿಯಿಂದಾನೂ ತರಿಸ್ತೀವಿ” ಎಂದರು. ಉಪ್ಪು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳಿದೆ. ತೊಳೆದು ಕಳಿಸುತ್ತಾರಲ್ಲ ಎಂದರು. ತಿಪಟೂರಿನಂಥ ಬಯಲುಸೀಮೆಯ ಊರಿನಲ್ಲಿ ಟನ್‌ಗಟ್ಟಲೆ ಪುಡಿ ತೊಳೆಯುವಷ್ಟು ನೀರು ಯಾರ ಮನೆಯದು ಎಂಬ ಪ್ರಶ್ನೆ ನನ್ನ ತಲೆ ಹೊಕ್ಕಿತು.

ತಿಪಟೂರಿಗೆ ರೈಲಿನಲ್ಲಿ ಹೋಗಬೇಕು. ಬಸ್ಸಿನಲ್ಲಿ ಹೋದವರಿಗೆ ಹೆದ್ದಾರಿ ಮಾತ್ರ ಕಾಣುತ್ತದೆ. ತುಮಕೂರು ದಾಟಿ ಗುಬ್ಬಿ ಬರುವ ಹೊತ್ತಿಗೆ ಕಿಟಕಿಯ ತುಂಬ ತೆಂಗು. ನಿಟ್ಟೂರು, ಸಂಪಿಗೆ ರೋಡ್, ಸಿಮೆಂಟ್ ಕಾರ್ಖಾನೆಯ ಅಮ್ಮಸಂದ್ರ, ಬಾಣಸಂದ್ರ. ಕಲ್ಲೇಶ್ವರ ಗುಡಿಯ ಛಾವಣಿಯಲ್ಲಿ ನೊಳಂಬರ ಕಾಲದ ನಟರಾಜನನ್ನು ಇಟ್ಟುಕೊಂಡಿರುವ ಅರಳಗುಪ್ಪೆ. ಆಮೇಲೆ ಕರಡಿ. ಮರಗಳ ನಡುವೆ ರಾಗಿಯ ತಾಕು, ಅವರೆ ಸಾಲು. ತೋಟಗಳ ಮಧ್ಯೆ ಅಲ್ಲಲ್ಲಿ ಸುಳಿ ಉದುರಿ ಬರೀ ಕಂಬವಾಗಿ ನಿಂತ ಮರಗಳೂ ಇವೆ. ಕೆಲವು ವರ್ಷಗಳ ಹಿಂದೆ ಮೇಲಿಂದ ಮೇಲೆ ಬಂದ ಬರದಲ್ಲಿ ಈ ಸೀಮೆ ಅಸಂಖ್ಯ ತೆಂಗುಗಳನ್ನು ಕಳೆದುಕೊಂಡಿತು. ಕಡಿಸಲು ಕೂಲಿ ಕೊಡಬೇಕೆಂದು ಹಲವರು ಹಾಗೇ ಬಿಟ್ಟಿದ್ದಾರೆ.

ಕೂತು ಯೋಚಿಸುತ್ತಿದ್ದರೆ ಈ ಪುಡಿಯ ಚರಿತ್ರೆಯೇ ವಿಚಿತ್ರವೆನಿಸುತ್ತದೆ. 1859ರಲ್ಲಿ ಜೇಮ್ಸ್ ಡರ‍್ರಾ ಎಂಬಾತ ಆಲಪ್ಪುಳದಲ್ಲಿ ತೆಂಗಿನ ನಾರಿನ ಕಾರ್ಖಾನೆ ತೆರೆದ. ನಮ್ಮ ದೇಶದಲ್ಲಿ ಅಂಥ ಮೊದಲ ಕಾರ್ಖಾನೆ ಅದು. ಚಾಪೆ, ನೆಲಹಾಸು, ಹಡಗಿನ ಹಗ್ಗ ಎಲ್ಲಕ್ಕೂ ನಾರೇ ಬೇಕಾಗಿತ್ತು. ಪುಡಿ ಯಾರಿಗೂ ಬೇಡವಾಗಿತ್ತು. ಸರಿಸುಮಾರು ಅದೇ ಕಾಲಕ್ಕೆ, 1860ರ ದಶಕದಲ್ಲಿ, ಇಂಗ್ಲೆಂಡಿನ ತೋಟಗಾರರು ಅಲ್ಲಿನ ನಾರಿನ ಕಾರ್ಖಾನೆಗಳ ಕಸವೆಂದು ಇದನ್ನು ತಂದು ಗಾಜಿನ ಮನೆಗಳಲ್ಲಿ ಗಿಡ ಬೆಳೆಸಿದ್ದರು. ಆಮೇಲೆ ಮರೆತೇಬಿಟ್ಟರು. ಅವರಿಗೆ ಪೀಟ್ ಹೇರಳವಾಗಿತ್ತು. ಪಾಚಿ ಸತ್ತು ಜೌಗಿನಲ್ಲಿ ಸಾವಿರಾರು ವರ್ಷ ಕೂತು ಆದ ಪದರ ಅದು. ವರ್ಷಕ್ಕೆ ಹೆಚ್ಚೆಂದರೆ ಮಿಲಿಮೀಟರಿನಷ್ಟು ಬೆಳೆಯುವ ಜೌಗನ್ನು ಯಂತ್ರ ಇಟ್ಟು ಕೆರೆದರೆ ಎಷ್ಟು ದಿನ ಬಂದೀತು? ಜೌಗು ಬರಿದಾದರೆ ಅದರೊಳಗೆ ಹೂತಿದ್ದ ಇಂಗಾಲವೂ ಗಾಳಿಗೆ ಸೇರುತ್ತದೆಂಬ ಅರಿವು ಬಂದ ಮೇಲೆ ಯುರೋಪಿನವರಿಗೆ ತೆಂಗಿನ ಪುಡಿ ಮತ್ತೆ ನೆನಪಾಯಿತು. ನೆದರ್‌ಲ್ಯಾಂಡ್ಸಿನ ಗುಲಾಬಿ, ಟೊಮೆಟೊ, ಸ್ಟ್ರಾಬೆರಿ ಇಂದು ಶ್ರೀಲಂಕಾದ, ತಮಿಳುನಾಡಿನ, ನಮ್ಮ ತಿಪಟೂರಿನ ಮಟ್ಟೆಯಲ್ಲಿ ಬೇರು ಬಿಡುತ್ತಿವೆ. ನಮ್ಮ ದೇಶದಿಂದ ಹೊರಗೆ ಹೋಗುವ ತೆಂಗಿನ ನಾರಿನ ಸರಕಿನಲ್ಲಿ ತೂಕದ ಲೆಕ್ಕ ಹಾಕಿದರೆ ಮೊದಲ ಸ್ಥಾನ ನಾರಿಗಲ್ಲ, ಪುಡಿಗೆ.

ತಿಪಟೂರಿನಲ್ಲಿ ಇಳಿದು, ಊರೊಳಗಿನ ಬಿ.ಎಚ್. ರಸ್ತೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಆಟೋ ಹಿಡಿದೆ. ನಾರಿನ ಫ್ಯಾಕ್ಟರಿ ಎಂದರೆ ಸಾಕು, ಯಾವುದು ಎಂದು ಆಟೋದವನೇ ತಿರುಗಿ ಕೇಳುತ್ತಾನೆ, ಅಷ್ಟಿವೆ. ಅರ್ಧ ಮೈಲಿ ಇರುವಾಗಲೇ ಗಾಳಿಯಲ್ಲಿ ಮಣ್ಣಿನದೂ ಅಲ್ಲದ, ಮರದ ಹೊಟ್ಟಿನದೂ ಅಲ್ಲದ ಒಂದು ಒಣ ವಾಸನೆ. ಗೇಟಿನೊಳಗೆ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು, ಟ್ರೈಲರಿನ ಮೇಲೆ ಹಲಗೆ ಕಟ್ಟಿ ಎರಡಾಳೆತ್ತರ ಪೇರಿಸಿದ ಮಟ್ಟೆ.

ತಿಪಟೂರಿನ ಮಟ್ಟೆಯ ಜಾತಿಯೇ ಬೇರೆ. ಕರಾವಳಿಯಲ್ಲಿ ಹಸಿ ಕಾಯಿಯ ಮಟ್ಟೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಬಡಿದು, ಬಿಳಿ ನಾರು ತೆಗೆಯುತ್ತಿದ್ದರು. ಆ ನೀರಿನಲ್ಲಿ ಮೀನು ಬದುಕುತ್ತಿರಲಿಲ್ಲ. ಇಲ್ಲಿ ಕೊಬ್ಬರಿ ಮಾಡುವವರು ಬಲಿತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇಡುತ್ತಾರೆ. ನೀರು ಇಂಗಿ, ಒಳಗೆ ಕೊಬ್ಬರಿ ಕಳಚಿಕೊಂಡು, ಅಲುಗಿಸಿದರೆ ಗುಡುಗುಡು ಎನ್ನಬೇಕು. ಆಗ ಸುಲಿದ ಮಟ್ಟೆ ಒಣಗಿ ಕಂದಾಗಿರುತ್ತದೆ. ಕೊಳೆಹಾಕುವ ಗೋಜಿಲ್ಲ. ನೀರು ಚಿಮುಕಿಸಿ ಮೆದುಮಾಡಿ ಕ್ರಷರಿಗೆ ಹಾಕಿದರೆ ಅಲ್ಲಿ ಜಜ್ಜಿ, ಮುಂದೆ ಮೊಳೆ ಹೊಡೆದ ಡ್ರಮ್ಮಿನಲ್ಲಿ ಬಡಿದು, ಉರುಳುವ ಜರಡಿಯಲ್ಲಿ ನಾರು ಒಂದು ಕಡೆ, ಪುಡಿ ಒಂದು ಕಡೆ ಬೀಳುತ್ತದೆ. ಡ್ರಮ್ಮಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಹೆಂಗಸರು ಸೆರಗಿನಿಂದ ಮೂಗು ಬಾಯಿ ಮುಚ್ಚಿ ಹುಬ್ಬಿನವರೆಗೂ ಕಂದು ಪುಡಿ ಮೆತ್ತಿಕೊಂಡು ಓಡಾಡುತ್ತಿದ್ದರು. ಮಟ್ಟೆ ಎತ್ತಿ ಹಾಕುತ್ತಿದ್ದ ಹುಡುಗರು ಒಡಿಶಾದವರಂತೆ.

ಒಂದು ಟನ್ ನಾರು ತೆಗೆದರೆ ಸುಮಾರು ಎರಡು ಟನ್ ಪುಡಿ ಉಳಿಯುತ್ತದೆ. ಹಿಂದೆ ಇದನ್ನು ಏನು ಮಾಡುತ್ತಿದ್ದಿರಿ ಎಂದು ಫ್ಯಾಕ್ಟರಿ ನಡೆಸುವವರನ್ನು ಕೇಳಿದೆ. ವಯಸ್ಸು ಅರವತ್ತರ ಆಚೆ, ತಂದೆಯ ಕಾಲದಿಂದ ಇದೇ ಕಸುಬು.

“ಏನ್ ಮಾಡೋದು ಸ್ವಾಮಿ, ಗುಡ್ಡೆ ಹಾಕೋದು. ರಸ್ತೆ ಪಕ್ಕ, ಹಳ್ಳದ ಪಕ್ಕ. ಯಾರಾದ್ರೂ ಬೀಡಿ ಎಸೆದ್ರೆ ಮೇಲೆ ಉರಿ ಕಾಣಲ್ಲ, ಒಳಗೇ ಸುಡ್ತಾ ವಾರಗಟ್ಟಲೆ ಹೊಗೆ. ಮಳೆ ಬಂದ್ರೆ ಡಿಕಾಕ್ಷನ್ ಥರ ನೀರು ಇಳಿದು ಪಕ್ಕದ ಹೊಲದೋರು ಬಂದು ಬಯ್ಯೋರು. ನಮ್ಮಪ್ಪ ಕಾಸು ಕೊಟ್ಟು ಸಾಗಿಸ್ತಿದ್ರು ಇದನ್ನ. ಈಗ ನಾರಿಗಿಂತ ಇದಕ್ಕೇ ಫೋನು ಜಾಸ್ತಿ.”

ಹಿಂಭಾಗದಲ್ಲಿ ಎರಡು ಮೂರು ಎಕರೆಯ ಕಾಂಕ್ರೀಟ್ ಕಣ. ಪುಡಿಯನ್ನು ಬೆರಳುದ್ದ ಹರಡಿ, ಸಣ್ಣ ಟ್ರ್ಯಾಕ್ಟರಿಗೆ ಹಲ್ಲು ಕಟ್ಟಿ ಗೀರುತ್ತ ಮಗುಚುತ್ತಾರೆ. ಮಳೆಮೋಡ ಕಂಡರೆ ಎಲ್ಲರೂ ಕೆಲಸ ಬಿಟ್ಟು ರಾಶಿಗೆ ಟಾರ್ಪಾಲು ಎಳೆಯಲು ಓಡಬೇಕು. ಒಣಗಿದ್ದನ್ನು ಜರಡಿ ಹಿಡಿದು ಪ್ರೆಸ್ಸಿಗೆ ಹಾಕಿದರೆ ಸಡಿಲವಾಗಿದ್ದಾಗಿನ ಐದನೇ ಒಂದು ಗಾತ್ರಕ್ಕೆ ಒತ್ತಿ 5 ಕೆ.ಜಿ.ಯ ಚೌಕ ಗಡ್ಡೆ ಹೊರಬರುತ್ತದೆ. ಕೈಯಲ್ಲಿ ಹಿಡಿದರೆ ಹಲಗೆಯಷ್ಟು ಗಟ್ಟಿ. ಇಪ್ಪತ್ತೈದು ಲೀಟರ್ ನೀರಿಗೆ ಬಿಟ್ಟರೆ ಅರ್ಧ ಗಂಟೆಯಲ್ಲಿ ಬಿಚ್ಚಿಕೊಂಡು ಉಬ್ಬಿ ಎಪ್ಪತ್ತು ಲೀಟರಿನ ಆಸುಪಾಸಿಗೆ ಬರುತ್ತದೆ. ಹಡಗಿನ ಬಾಡಿಗೆ ಗಾತ್ರದ ಮೇಲೆ, ಹಾಗಾಗಿ ಈ ಒತ್ತುವಿಕೆ ಇಲ್ಲದಿದ್ದರೆ ಪುಡಿ ತಿಪಟೂರು ದಾಟುತ್ತಲೇ ಇರಲಿಲ್ಲ.

ತೊಳೆಯುವ ಜಾಗ ಕಣದಾಚೆ. ಉದ್ದನೆಯ ಸಿಮೆಂಟ್ ತೊಟ್ಟಿಗಳು, ತಳದಲ್ಲಿ ಜಾಲರಿ, ಕೆಳಗೆ ಚರಂಡಿ. ಅಲ್ಲಿದ್ದ ಸೂಪರ್‌ವೈಸರ್ ಹುಡುಗ ತಿಪಟೂರಿನಲ್ಲೇ ಬಿ.ಎಸ್‌ಸಿ. ಓದಿದವನು, ಹೇಳುವುದರಲ್ಲಿ ಅವನಿಗೆ ಖುಷಿಯಿತ್ತು. ಗಿರಾಕಿಗಳು ಮೂರು ದರ್ಜೆ ಕೇಳುತ್ತಾರಂತೆ. ಹೈ ಇಸಿ ಎಂದರೆ ತೊಳೆಯದ ಮಾಲು. ಲೋ ಇಸಿ ಎಂದರೆ ನೀರು ಹಾಯಿಸಿ ಉಪ್ಪಿಳಿಸಿದ್ದು. ಮೂರನೆಯದು ಬಫರ್ ಮಾಡಿದ್ದು, ಅದು ಬಹುತೇಕ ವಿದೇಶಕ್ಕೆ. ಡಚ್ಚರ ಆರ್‌ಎಚ್‌ಪಿ ಗುಣಮಟ್ಟದ ಮುದ್ರೆ ಬೇಕೆನ್ನುವವರು ಕೇಳುವುದು ಅದನ್ನೇ.

“ಸರಿಯಾಗಿ ತೊಳೆದ ಮೇಲೆ ಇನ್ನೇನು ಉಳಿಯುತ್ತೆ?” ಎಂದೆ.

“ನೀರಲ್ಲಿ ತೇಲಾಡೋ ಉಪ್ಪು ಹೋಗುತ್ತೆ ಸಾರ್. ಪುಡಿಗೆ ಅಂಟಿಕೊಂಡಿರೋದು ಹೋಗಲ್ಲ. ಸೋಡಿಯಮ್ಮು, ಪೊಟ್ಯಾಸಿಯಮ್ಮು ಎರಡೂ ಸೀಟು ಹಿಡಿದು ಕೂತಿರ್ತವೆ. ಕ್ಯಾಲ್ಸಿಯಂ ನೈಟ್ರೇಟ್ ನೀರಲ್ಲಿ ರಾತ್ರಿಯೆಲ್ಲ ನೆನೆಸಿದ್ರೆ ಕ್ಯಾಲ್ಸಿಯಂ ಬಂದು ಅವುಗಳನ್ನ ಎಬ್ಬಿಸಿ ತಾನು ಕೂರುತ್ತೆ. ಆಮೇಲೆ ಎದ್ದಿದ್ದನ್ನ ಮತ್ತೆ ತೊಳೀಬೇಕು. ಬಫರ್ ಮಾಡೋದು ಅಂದ್ರೆ ಇದೇ.”

ಹಾಗೆ ಮಾಡದೆ ಕಳಿಸಿದರೆ ಅಲ್ಲಿ ಗಾಜಿನ ಮನೆಯಲ್ಲಿ ಗಿಡಕ್ಕೆ ಕೊಟ್ಟ ಕ್ಯಾಲ್ಸಿಯಮ್ಮನ್ನು ಪುಡಿಯೇ ನುಂಗುತ್ತದೆ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತದೆ. ಮನೆಯಲ್ಲಿ ಕುಂಡ ತುಂಬುವವರು ಇದನ್ನೆಲ್ಲ ಮಾಡಬೇಕಾಗಿಲ್ಲ, ಆದರೂ ಗಡ್ಡೆ ನೆನೆಸಿದ ಮೊದಲ ನೀರನ್ನು ಚೆಲ್ಲಿ, ಹಿಂಡಿ, ಇನ್ನೆರಡು ಸಲ ಹೊಸ ನೀರು ಹಾಕುವುದು ಒಳ್ಳೆಯದು. ನೀರಿನ ಕಂದು ಬಣ್ಣ ಪೂರ್ತಿ ಹೋಗಲೆಂದು ಕಾಯುವುದು ವ್ಯರ್ಥ. ಬಣ್ಣ ಟ್ಯಾನಿನ್ನಿನದು, ಉಪ್ಪಿನದಲ್ಲ. ಬಣ್ಣ ನೋಡಿ ಉಪ್ಪನ್ನು ಅಳೆಯಲಾಗದು.

ಚರಂಡಿಯ ನೀರು ಎಲ್ಲಿಗೆ ಹೋಗುತ್ತದೆಂದು ನೋಡಲು ನಾನು ಅದರ ಜೊತೆಯೇ ನಡೆದೆ. ಕಾಂಪೌಂಡಿನ ಮೂಲೆಯಲ್ಲಿ ಒಂದು ಹೊಂಡ. ಗಟ್ಟಿ ಕಾಫಿಯ ಬಣ್ಣ. ಒಂದಷ್ಟನ್ನು ಮತ್ತೆ ಮೊದಲ ತೊಳೆತಕ್ಕೆ ಬಳಸುತ್ತಾರಂತೆ, ಉಳಿದದ್ದು ಇಂಗುತ್ತದೆ. ತೊಟ್ಟಿಗೆ ಬರುವುದು ಬೋರ್‌ವೆಲ್ ನೀರು. ಮಳೆಯಲ್ಲೇ ತೊಳೆಯಲು ಬರುವುದಿಲ್ಲವೇ ಎಂದು ಕೇಳಿದ್ದಕ್ಕೆ ಮಾಲೀಕರು ನಕ್ಕರು. ಬರುತ್ತದೆ, ರಾಶಿಯನ್ನು ಒಂದೆರಡು ಮಳೆಗಾಲ ಬಯಲಿನಲ್ಲಿ ಬಿಟ್ಟರೆ ಆಕಾಶವೇ ತೊಳೆದುಕೊಡುತ್ತದೆ. ಅಷ್ಟು ದಿನ ದುಡ್ಡು ರಾಶಿಯಲ್ಲಿ ಕೂತಿರಬೇಕಲ್ಲ. ಅವರ ಮಾತನ್ನು ನಾನು ತಪ್ಪೆನ್ನಲಾರೆ. ಬ್ಯಾಂಕಿನ ಬಡ್ಡಿ ಮುಂಗಾರಿಗೆ ಕಾಯುವುದಿಲ್ಲ.

ಆ ಹೊಂಡದ ದಡದಲ್ಲಿ ನಿಂತಾಗ ನನ್ನನ್ನು ಕಾಡಿದ್ದು ನೀರೊಂದೇ ಅಲ್ಲ. ಇಷ್ಟು ಕಷ್ಟಪಟ್ಟು ತೊಳೆದು ಚೆಲ್ಲುವ ಉಪ್ಪಿನಲ್ಲಿ ದೊಡ್ಡ ಪಾಲು ಪೊಟ್ಯಾಷು. ತೆಂಗಿನ ಮರ ನೆಲದಿಂದ ಪೊಟ್ಯಾಷನ್ನು ಹೀರಿ ಕಾಯಿಗೆ ಕಳಿಸುತ್ತದೆ, ಕಾಯಲ್ಲಿ ಅದು ಹೆಚ್ಚಾಗಿ ಶೇಖರವಾಗುವುದು ಮಟ್ಟೆಯಲ್ಲಿ. ಫಲಕ್ಕೆ ಬಂದ ಮರಕ್ಕೆ ವರ್ಷಕ್ಕೆ 1200 ಗ್ರಾಂ ಪೊಟ್ಯಾಷು ಬೇಕೆನ್ನುತ್ತದೆ ಶಿಫಾರಸು, ಅಂದರೆ ಅಂಗಡಿಯ ಎಂಒಪಿ ಗೊಬ್ಬರ 2 ಕೆ.ಜಿ. ಆ ಚೀಲ ನಮ್ಮ ದೇಶದ್ದಲ್ಲ. ಕೆನಡಾ, ರಷ್ಯಾ, ಬೆಲಾರೂಸ್, ಜೋರ್ಡಾನ್ ಮುಂತಾದ ಕಡೆಯಿಂದ ಹಡಗಿನಲ್ಲಿ ಬರುತ್ತದೆ. ತಿಪಟೂರಿನ ನೆಲದ ಪೊಟ್ಯಾಷು ಮಟ್ಟೆ ಏರಿ ಫ್ಯಾಕ್ಟರಿಗೆ ಬಂದು ಹೊಂಡಕ್ಕೆ ಹೋಗುತ್ತದೆ, ತಿಪಟೂರಿನ ರೈತ ಕೆನಡಾದ ಪೊಟ್ಯಾಷಿಗೆ ಸಾಲಿನಲ್ಲಿ ನಿಲ್ಲುತ್ತಾನೆ. ಯುರೋಪಿನ ಜೌಗು ಉಳಿಯಿತೆಂದು ಅಲ್ಲಿ ಸಂತೋಷಪಡುವವರ ಲೆಕ್ಕದಲ್ಲಿ ಈ ಹೊಂಡ ಎಲ್ಲೂ ಬಂದಿರಲಾರದು.

ಹೀಗೆಂದು ಫ್ಯಾಕ್ಟರಿ ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ಹೊಗೆಯಾಡುವ ಗುಡ್ಡೆಗಳ ಕಾಲಕ್ಕೆ ಹಿಂದಿರುಗುವುದರಲ್ಲಿ ಯಾರ ಹಿತವೂ ಇಲ್ಲ. ಹೊಂಡದ ನೀರನ್ನು ಹದವರಿತು ಪಕ್ಕದ ತೆಂಗಿನ ತೋಟಕ್ಕೇ ತಿರುಗಿಸಬಹುದಲ್ಲ ಎಂದು ಸೂಪರ್‌ವೈಸರ್ ಹುಡುಗನನ್ನು ಕೇಳಿದೆ. ತೆಂಗು ಉಪ್ಪಿಗೆ ಅಂಜುವ ಮರವಲ್ಲ, ಕಡಲ ದಂಡೆಯಲ್ಲೇ ಬೆಳೆಯುವ ಜಾತಿ. ಅವನೂ ಇದನ್ನು ಯೋಚಿಸಿದ್ದನಂತೆ. ಎಷ್ಟು ಬಿಟ್ಟರೆ ಮರಕ್ಕೆ ಒಳ್ಳೆಯದು, ಎಷ್ಟಾದರೆ ಮಣ್ಣು ಕೆಡುತ್ತದೆ ಎಂದು ಪರೀಕ್ಷೆ ಮಾಡಿಸಬೇಕು, ಟ್ಯಾಂಕರು ಬೇಕು, ಪಕ್ಕದವರು ಒಪ್ಪಬೇಕು ಎಂದು ಬೆರಳು ಮಡಚಿದ.

ಮಟ್ಟೆ ಎಲ್ಲಿಂದ ಹೊರಟಿತೋ ಅಲ್ಲಿಯವರೆಗೆ ಹೋಗದೆ ಬರಬಾರದೆನಿಸಿ ಹೊನ್ನವಳ್ಳಿ ಕಡೆಯ ಒಂದು ಹಳ್ಳಿಗೆ ಹೋದೆ. ಮಟ್ಟೆ ತಂದಿದ್ದ ಟ್ರ್ಯಾಕ್ಟರಿನ ಹುಡುಗನೇ ಖಾಲಿ ಟ್ರೈಲರಿನಲ್ಲಿ ಕರೆದುಕೊಂಡು ಹೋದ. ಹಳ್ಳಿಯಾಚೆಯ ತೋಟದ ಮನೆಯ ಮುಂದೆ ಇಬ್ಬರು ಕಾಯಿ ಸುಲಿಯುತ್ತಿದ್ದರು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯನ್ನು ಒತ್ತಿ ತಿರುವುವುದು, ಎರಡು ಮೂರು ತಿರುವಿಗೆ ಮಟ್ಟೆ ಕಳಚುವುದು, ಕಾಯಿ ಒಂದು ಕಡೆ, ಮಟ್ಟೆ ಒಂದು ಕಡೆ. ಅಟ್ಟದಿಂದ ಕಾಯಿ ಉರುಳಿಸುತ್ತಿದ್ದವನ ಮೈಯೆಲ್ಲ ಜೇಡರ ಬಲೆ.

ತೋಟದ ಯಜಮಾನರು ಎಂಬತ್ತರ ಹತ್ತಿರದ ಅಜ್ಜ. ಮಗ ತಿಪಟೂರಿನ ಎಪಿಎಂಸಿಗೆ ಹೋಗಿದ್ದ, ಕೊಬ್ಬರಿಯ ಟೆಂಡರಿನ ದಿನವದು. ಅಜ್ಜ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದರು. ಒಂದು ಸಾಲಿನ ಮರಗಳು ಕಡುಹಸಿರು, ಪಕ್ಕದ ಸಾಲುಗಳು ಸ್ವಲ್ಪ ಬಿಳಿಚಿದ್ದವು. ಹಸಿರು ಸಾಲಿನ ಬುಡದಿಂದ ಮಾರು ದೂರದಲ್ಲಿ ಊರುಗೋಲಿನಿಂದ ಕೆದಕಿದರು. ಬೇರುಗಳ ಜಡೆಯ ನಡುವೆ ಕಪ್ಪಾಗಿ ಮೆತ್ತಗಾದ ಮಟ್ಟೆ. ಮುಟ್ಟಿದರೆ ತಣ್ಣಗಿತ್ತು.

“ನಮ್ಮಪ್ಪ ಮುಂಗಾರಿಗೆ ಮುಂಚೆ ಸಾಲು ಸಾಲಿನ ಮಧ್ಯ ಅಗೆದು ಮಟ್ಟೆ ಹೂಳ್ತಿದ್ರು. ಹೊಟ್ಟೆ ಮೇಲಾಗಿ ಜೋಡಿಸ್ಬೇಕಪ್ಪ, ಬೋರಲು ಹಾಕ್ಬಾರ್ದು. ಮೇಲಾಗಿದ್ರೆ ನೀರು ನಿಲ್ತದೆ. ಒಂದು ವರಸೆ ಮಟ್ಟೆ, ಒಂದು ವರಸೆ ಮಣ್ಣು. ಒಂದ್ಸಲ ಹೂಳಿದ್ರೆ ಐದಾರು ವರ್ಷ ಅದರ ಯೋಚ್ನೆ ಇಲ್ಲ.”

ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ರೈತರಿಗೆ ಹೇಳುವುದೂ ಇದನ್ನೇ. ಕಾಂಡದಿಂದ 3 ಮೀಟರ್ ಬಿಟ್ಟು ಕಾಲುವೆ, ಮಟ್ಟೆಯ ಒಳಮೈ ಮೇಲಕ್ಕೆ, ಫಲ 5ರಿಂದ 7 ವರ್ಷ. ಕೋಲಾರದ ಚಪ್ಪರದಲ್ಲಿ ಪುಡಿ ಮಾಡುವ ಕೆಲಸವನ್ನೇ ಇಲ್ಲಿ ಇಡೀ ಮಟ್ಟೆ ಮಾಡುತ್ತದೆ. ನೀರನ್ನು ಹಿಡಿಯುತ್ತದೆ, ಪೊಟ್ಯಾಷನ್ನು ನಿಧಾನವಾಗಿ ಬಿಡುತ್ತದೆ. ತೊಳೆಯುವ ಅಗತ್ಯವಿಲ್ಲ, ಇಸಿ ಮೀಟರಿನ ಅಗತ್ಯವೂ ಇಲ್ಲ, ಇಲ್ಲಿ ಉಪ್ಪೇ ಊಟ. ಬರದಲ್ಲಿ ಸುತ್ತಲಿನ ತೋಟಗಳ ಸುಳಿ ಒಣಗಿದಾಗ ಈ ಸಾಲಿನಲ್ಲಿ ಒಂದು ಮರವೂ ಹೋಗಲಿಲ್ಲವೆಂದು ಅಜ್ಜ ಹೇಳಿದರು. ಒಬ್ಬರ ತೋಟದ ಒಂದು ಸಾಲು ನೋಡಿ ದೊಡ್ಡ ಮಾತಾಡಬಾರದು. ಅಲ್ಲಿ ಮಣ್ಣೂ ಸ್ವಲ್ಪ ಆಳವಿರಬಹುದು.

“ಹಾಗಾದ್ರೆ ಎಲ್ಲಾ ಸಾಲಿಗೂ ಯಾಕೆ ಹೂಳಿಸಲಿಲ್ಲ ಅಜ್ಜ?”

“ಅಗೆಯೋರು ಯಾರಪ್ಪ? ಜೆಸಿಬಿ ತಂದ್ರೆ ಬೇರು ಕಿತ್ತು ಹಾಕ್ತದೆ. ಆಳಿಗೆ ಕೂಲಿ ಕೊಟ್ರೆ ಕೊಬ್ಬರಿ ದುಡ್ಡೆಲ್ಲ ಅಲ್ಲಿಗೇ. ಮಟ್ಟೆನೋ, ಬಾಗಿಲಿಗೆ ಟ್ರ್ಯಾಕ್ಟರ್ ಬರ್ತದೆ, ಲೋಡಿಗಿಷ್ಟು ಅಂತ ಕೈಗೆ ಕೊಟ್ಟು ತುಂಬ್ಕೊಂಡು ಹೋಗ್ತಾರೆ. ನುಸಿ ಬಂದ ಮೇಲೆ ಅದಕ್ಕೂ ಕೊಸರಾಡ್ತಾರೆ.”

ನುಸಿ ಪೀಡೆ ಕೇರಳದಲ್ಲಿ ಕಾಣಿಸಿಕೊಂಡದ್ದು 1998ರಲ್ಲಿ, ನಮ್ಮ ಕಡೆಗೂ ಬೇಗನೇ ಬಂತು. ಕಣ್ಣಿಗೆ ಕಾಣದ ಆ ಜೀವಿ ಎಳೆಗಾಯಿಯ ತೊಟ್ಟಿನಡಿ ಸೇರಿ ರಸ ಹೀರಿದರೆ ಕಾಯಿ ಬಿರುಕು ಬಿಟ್ಟು ಸಣ್ಣದಾಗುತ್ತದೆ, ಮಟ್ಟೆ ಮರಗಟ್ಟುತ್ತದೆ. ಸುಲಿಯುವವನ ರಟ್ಟೆಗೂ ಕಷ್ಟ, ಫ್ಯಾಕ್ಟರಿಯ ಡ್ರಮ್ಮಿಗೂ ಕಷ್ಟ, ನಾರಿನ ಉದ್ದವೂ ಕಡಿಮೆ. ಅಂಥ ಮಟ್ಟೆಗೆ ದರ ಇಳಿಸುತ್ತಾರೆ. ಮಾರಿದರೆ ಬೆಲೆ ಬಾರದ ಆ ನುಸಿ ಮಟ್ಟೆಯನ್ನಾದರೂ ಹೂಳಬಹುದಲ್ಲ ಎಂದೆ. ಅಜ್ಜ ನನ್ನ ಮುಖ ನೋಡಿ, ಪೇಟೆಯವನಾದರೂ ಪೂರ್ತಿ ದಡ್ಡನಲ್ಲ ಎನ್ನುವಂತೆ ತಲೆಯಾಡಿಸಿದರು. ಕಳೆದ ವರ್ಷದಿಂದ ಹಾಗೇ ಮಾಡುತ್ತಿದ್ದಾರಂತೆ. ಉದ್ಯೋಗ ಖಾತರಿ ಕೆಲಸದಲ್ಲಿ ತೋಟಕ್ಕೆ ಕಾಲುವೆ ತೋಡಿಸಬಹುದೇ ಎಂದು ಪಂಚಾಯ್ತಿಯಲ್ಲಿ ಕೇಳಿದ್ದಾರೆ, ಇನ್ನೂ ಉತ್ತರ ಬಂದಿಲ್ಲ.

ನಾವು ಮನೆಯಂಗಳಕ್ಕೆ ಬರುವಷ್ಟರಲ್ಲಿ ನನ್ನನ್ನು ಕರೆತಂದ ಹುಡುಗ ಅರ್ಧ ಟ್ರೈಲರು ತುಂಬಿದ್ದ. ಆರಿಸಿ ಆರಿಸಿ ಒಳ್ಳೆಯ ಮಟ್ಟೆಯನ್ನಷ್ಟೇ ಹಾಕುತ್ತಿದ್ದ, ನುಸಿಯದನ್ನು ಪಕ್ಕಕ್ಕೆ ಎಸೆಯುತ್ತಿದ್ದ. ಅಜ್ಜ ಊರುಗೋಲು ಎತ್ತಿ ತಡೆದರು. ಒಳ್ಳೆಯದರಲ್ಲೂ ಕಾಲುಭಾಗ ಇಲ್ಲೇ ಇರಲಿ, ಈ ಸಲ ಇನ್ನೊಂದು ಸಾಲಿಗೆ ಹಾಕಬೇಕು ಎಂದರು.

“ಅಜ್ಜಾ, ಲೋಡು ಪೂರ್ತಿ ಆಗ್ದೆ ಇದ್ರೆ ಡೀಸೆಲ್ಲಿಗೂ ಗಿಟ್ಟಲ್ಲ ನಂಗೆ.”

“ಪಕ್ಕದ ತೋಟದಾಗೆ ಬಿದ್ದೈತೆ, ಅಲ್ಲಿ ತುಂಬ್ಕೊ ಹೋಗು.”

“ಅವರು ರೇಟು ಜಾಸ್ತಿ ಕೇಳ್ತಾರೆ.”

“ಕೇಳ್ಳಿ ಬಿಡು. ಕೊಡು” ಎಂದ ಅಜ್ಜ ಜಗಲಿಯ ಮೇಲೆ ಕೂತು ಎಲೆಯಡಿಕೆ ಚೀಲ ಬಿಚ್ಚಿದರು. ಹುಡುಗ ಟ್ರೈಲರಿನ ಮೇಲೇ ನಿಂತು ಫ್ಯಾಕ್ಟರಿಗೆ ಫೋನು ಹಚ್ಚಿ, ಮುಕ್ಕಾಲು ಲೋಡು ತಂದರೆ ನಡೆಯುತ್ತದಾ ಎಂದು ಕೇಳತೊಡಗಿದ.